ಬೂಷ್ಟು ಹಿಡಿದ ಗ್ರಾಮಫೋನ್ ಪ್ಲೇಟುಗಳನ್ನು ತೊಳೆಯುವುದು ಹೇಗೆ?

ಪ್ರಶ್ನೆ:
ತೀರ್ಥಹಳ್ಳಿಯ ಬಳಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಅಜ್ಜನವರ ಕಾಲದ ಸುಮಾರು ಮೂವತ್ತು ಗ್ರಾಮಫೋನ್ ಪ್ಲೇಟುಗಳು ಸಿಕ್ಕಿವೆ. ನಾಲ್ಕೈದು ಎಲ್‌ಪಿಗಳನ್ನು (ಹೆಚ್ಚು ಹೊತ್ತು ನುಡಿಯುವ ಪ್ಲೇಟುಗಳನ್ನು) ಬಿಟ್ಟರೆ ಉಳಿದವೆಲ್ಲ ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದವು. ಎಷ್ಟೋ ಮಳೆಗಾಲಗಳ ಥಂಡಿಗೆ ಅವುಗಳ ಮೇಲೆ ಬಿಳಿಯ ಬೂಷ್ಟು ಹಬ್ಬಿದೆ. ಸ್ಪಿರಿಟ್ ಹಾಕಿ ಒರೆಸಿದರೆ ಸಾಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ 1:
ದಯವಿಟ್ಟು ಸ್ಪಿರಿಟನ್ನು ಹತ್ತಿರಕ್ಕೂ ತರಬೇಡಿ. 78ರ ಪ್ಲೇಟಿನಲ್ಲಿ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಹಿಡಿದಿಟ್ಟಿರುವುದು ಅರಗು. ಪಾಂಡವರ ಕಥೆಯಲ್ಲಿ ಮನೆ ಕಟ್ಟಿಸಿದ್ದೂ ಅದರಿಂದಲೇ. ಮರಗೆಲಸದವರು ಪಾಲಿಶ್‌ಗೆಂದು ಅರಗನ್ನು ಕರಗಿಸುವುದು ಸ್ಪಿರಿಟ್‌ನಲ್ಲೇ ಎಂಬುದನ್ನು ನೆನೆದರೆ, ಪ್ಲೇಟಿನ ಗೆರೆಗಳಿಗೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ನಿಂತು, ಒಣ ಬೂಷ್ಟನ್ನು ಮೆತ್ತನೆಯ ಬ್ರಷ್‌ನಿಂದ ಉದುರಿಸಿ. ಆಮೇಲೆ ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಬೆರೆಸಿ, ಮೃದುವಾದ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಗೆರೆಗಳು ಸುತ್ತಿದ ದಿಕ್ಕಿನಲ್ಲೇ ಒರೆಸುತ್ತ ಬನ್ನಿ, ಅಡ್ಡಡ್ಡ ಉಜ್ಜಬೇಡಿ. ನಡುವಿನ ಕಾಗದದ ಚೀಟಿಗೆ ಹನಿ ನೀರೂ ತಾಗಬಾರದು. ಕಲಾವಿದರ ಹೆಸರು, ರಾಗ, ನಂಬರು ಎಲ್ಲ ಇರುವುದು ಅಲ್ಲೇ. ಬರಿಯ ಡಿಸ್ಟಿಲ್ಡ್ ವಾಟರ್‌ನಲ್ಲಿ ಮತ್ತೊಮ್ಮೆ ಒರೆಸಿ, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಿ. ಬಿಸಿಲಿಗಿಟ್ಟರೆ ಅರಗು ಮೆತ್ತಗಾಗಿ ಪ್ಲೇಟು ಸೊಟ್ಟಗಾಗುತ್ತದೆ.

ಉತ್ತರ 2:
ಮೇಲಿನ ಮಾತು ಸರಿಯೇ, ಆದರೆ ನೀರು ಮುಟ್ಟಿಸುವ ಮೊದಲು ಒಂದೊಂದು ಪ್ಲೇಟಿನ ನಡುವಿನ ತೂತನ್ನು ದೀಪದ ಬೆಳಕಿನಲ್ಲಿ ನೋಡಿ. ಅಲ್ಲಿ ಅಲ್ಯೂಮಿನಿಯಂ ಹೊಳೆದರೆ ಅದು ಲೋಹದ ಮೇಲೆ ಮೆರುಗೆಣ್ಣೆ ಬಳಿದು ನೇರವಾಗಿ ಧ್ವನಿ ಕೊರೆದ ತಟ್ಟೆ, ಬಹುಶಃ ಅದಕ್ಕೆ ಇನ್ನೊಂದು ಪ್ರತಿಯೇ ಇರಲಾರದು. ಅಂಥದ್ದನ್ನು ಮನೆಯಲ್ಲಿ ತೊಳೆಯದೆ ಬೇರೆಯಾಗಿ ಎತ್ತಿಡಿ.

ಉತ್ತರ 3:
ಎಲ್‌ಪಿಗಳು ವಿನೈಲ್ ಎಂಬ ಪ್ಲಾಸ್ಟಿಕ್‌ನವು, ಈ ಸೋಪಿನ ನೀರೇ ಅವಕ್ಕೂ ಸಾಕು. ನುಡಿಸುವಾಗ ಮಾತ್ರ ಎಲ್‌ಪಿಯ ಮುಳ್ಳನ್ನು 78ರ ಮೇಲೆ ಇಡಬೇಡಿ, ಏಕೆಂದರೆ ಇದರ ಗೆರೆ ಅಗಲ, ಆ ಸಣ್ಣ ಮುಳ್ಳು ತಳದ ಕೊಳೆಯಲ್ಲೇ ಓಡಾಡುತ್ತದೆ. ಕೀಲಿ ಕೊಡುವ ಯಂತ್ರವಿದ್ದರೆ ಪ್ರತಿ ಬದಿಗೂ ಹೊಸ ಉಕ್ಕಿನ ಮುಳ್ಳು ಹಾಕಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಅಂಚು ಮುರಿದಿದ್ದ ಒಂದು ಪ್ಲೇಟಿನ ಮೇಲೆ ಮೊದಲು ಪ್ರಯೋಗಿಸಿದೆ. ಬಟ್ಟೆ ಕಪ್ಪಾಯಿತು, ಬೂಷ್ಟು ಹೋಯಿತು. ಅದು ತಿಂದ ಜಾಗದ ಕರಕರ ಸದ್ದು ಹಾಗೇ ಇದೆ. ಅಲ್ಯೂಮಿನಿಯಂ ಹೊಳೆಯುವ ಒಂದು ತಟ್ಟೆಯೂ ಸಿಕ್ಕಿದೆ, ಅದನ್ನು ತೊಳೆದಿಲ್ಲ.