ಮೂಲಮನೆ ಗುಂಪಿನಲ್ಲಿ ಅಪ್ಪನ ಬೆನ್ನುನೋವು

ಕಾಪು ಅತ್ತೆ: *ಎಚ್ಚರಿಕೆ! ಬೆನ್ನುನೋವಿನ ಜತೆ ರಕ್ತಪರೀಕ್ಷೆಯಲ್ಲಿ ಇಎಸ್‌ಆರ್ ಜಾಸ್ತಿ ಇದ್ದರೆ ಅದು ಮಲ್ಟಿಪಲ್ ಮೈಲೋಮಾ, ಮಜ್ಜೆಯ ಕ್ಯಾನ್ಸರ್. ಎಲ್ಲರಿಗೂ ಕಳಿಸಿ.*

ಕಾಪು ಅತ್ತೆ: ಸಣ್ಣಣ್ಣನಿಗೂ ಇದೇ ಅಲ್ವಾ? ಓದಿ ಕೈ ನಡುಗಿತು.

ಭಾವ: ಅಮ್ಮಾ, ಯಾರು ಬರೆದದ್ದು? ಯಾವ ಡಾಕ್ಟರ್? ಇಎಸ್‌ಆರ್ ಜ್ವರ ಬಂದರೂ ಏರುತ್ತದೆ.

ಬೊಂಬಾಯಿ ದೊಡ್ಡಪ್ಪ: ಮೊಬೈಲ್ ನೋಡಿಯೇ ಈಗ ಅರ್ಧ ರೋಗ. ನಮ್ಮ ಅಪ್ಪ 80ರ ವಯಸ್ಸಿನಲ್ಲೂ ಗದ್ದೆಗೆ ಇಳಿಯುತ್ತಿದ್ದರು. ಕುಚ್ಚಲಕ್ಕಿ ಗಂಜಿ, ಬೇಗ ಏಳುವುದು. ಈಗಿನವರಿಗೆ ಶಿಸ್ತಿಲ್ಲ.

ಪುಟ್ಟಿ: ಗಂಜಿ, ಮಾವಿನ ಮಿಡಿ! ಬಚ್ಚಲಿನ ಹಂಡೆ ನೆನಪುಂಟಾ? ಫೋಟೋ ಯಾರ ಹತ್ರ ಉಂಟು?

ಕಾಪು ಅತ್ತೆ: ಶಿಸ್ತಿನ ಮಾತು ಬೇಡ ದೊಡ್ಡಣ್ಣ. ಅವನು ನೋವು ಅಂದಾಗ ಎಣ್ಣೆ ಹಚ್ಚು ಅಂದವರು ನೀವೇ.

ಬೊಂಬಾಯಿ ದೊಡ್ಡಪ್ಪ: ಎಲ್ಲದಕ್ಕೂ ನಾನೇ. ನಾಗತಂಬಿಲದ ಪೂಜೆಯ ಲೆಕ್ಕಕ್ಕೂ ನನ್ನನ್ನೇ ದೂರಿದ್ದಿರಿ.

ನಾನು: ದಯವಿಟ್ಟು ಜಗಳ ಬೇಡ. ಅತ್ತೆ, ಅಪ್ಪನಿಗೆ ಇರುವುದು ಮೈಲೋಮಾವೇ. ಆ ಮೆಸೇಜಿನಲ್ಲಿ ರೋಗದ ಹೆಸರು ಸರಿ, ಗುರುತು ಸರಿಯಿಲ್ಲ. ಇಎಸ್‌ಆರ್ ಒಂದನ್ನೇ ನೋಡಿ ಹೇಳಲು ಆಗುವುದಿಲ್ಲ. ಅಪ್ಪ ಡಿಸ್ಕ್ ಅಂತ ಎಂಟು ತಿಂಗಳು ನೋವಿನ ಮಾತ್ರೆ ನುಂಗಿದರು. ಈ ಕಾಯಿಲೆಯಲ್ಲಿ ಆ ಮಾತ್ರೆ ಕಿಡ್ನಿಗೆ ಇನ್ನೂ ಕೆಟ್ಟದ್ದು. ಹಿಮೋಗ್ಲೋಬಿನ್ 8.4ಕ್ಕೆ ಇಳಿಯಿತು, ಕಬ್ಬಿಣದ ಮಾತ್ರೆ ಕೊಟ್ಟರು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ 2.6ಕ್ಕೆ ಏರಿತು, ವಯಸ್ಸಾಯಿತು ಅಂದರು. ನೋವು, ರಕ್ತ, ಕಿಡ್ನಿ, ಮೂರನ್ನೂ ಒಟ್ಟಿಗೆ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ರಕ್ತದ ಟೋಟಲ್ ಪ್ರೋಟೀನ್ ಜಾಸ್ತಿ, ಅದರಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕಮ್ಮಿ, ಅಂದರೆ ಬೇರೆ ಪ್ರೋಟೀನ್ ಏರಿದೆ ಅನ್ನುವ ಸುಳಿವು ಹಳೇ ರಿಪೋರ್ಟಿನಲ್ಲೇ ಇತ್ತು.

ಭಾವ: ಮೂತ್ರದಲ್ಲಿ ಪ್ರೋಟೀನ್ ಇಲ್ಲ ಅಂದಿದ್ದರಲ್ವಾ?

ನಾನು: ಅದ್ದಿ ನೋಡುವ ಪಟ್ಟಿಗೆ ಸಿಗುವುದು ಮುಖ್ಯವಾಗಿ ಅಲ್ಬುಮಿನ್. ಮೈಲೋಮಾದ ಕೋಶಗಳು ಮಾಡುವ ಲೈಟ್ ಚೈನ್ ಎಂಬ ಪ್ರೋಟೀನ್ ತಪ್ಪಿ ಹೋಗುತ್ತದೆ. ಕೊನೆಗೆ ರಕ್ತದ ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡುವ ಎಲೆಕ್ಟ್ರೋಫೋರೆಸಿಸ್‌ನಲ್ಲಿ ಎಂ ಸ್ಪೈಕ್, ಅಂದರೆ ಒಂದೇ ಬಗೆಯ ಪ್ರೋಟೀನ್ ವಿಪರೀತ ಇರುವ ಗುರುತು, ಕಾಣಿಸಿತು. ಆಮೇಲೆ ಸೊಂಟದ ಎಲುಬಿನಿಂದ ಮಜ್ಜೆ ತೆಗೆದರು. ಅದರಲ್ಲಿ ಈ ಕ್ಯಾನ್ಸರ್ ಹುಟ್ಟುವ ಪ್ಲಾಸ್ಮಾ ಕೋಶ ಶೇ. 10 ಅಥವಾ ಹೆಚ್ಚಿದ್ದು, ಜತೆಗೆ ಅದರಿಂದ ಎಲುಬು, ರಕ್ತ, ಕಿಡ್ನಿ ಅಥವಾ ಕ್ಯಾಲ್ಸಿಯಂ ಕೆಟ್ಟಿದ್ದರೆ ಮೈಲೋಮಾ ಅನ್ನುತ್ತಾರೆ. ಅಪ್ಪನಿಗೆ ಶೇ. 38 ಇತ್ತು.

ಪುಟ್ಟಿ: ಅಣ್ಣ, ಫೋಟೋ ಸಿಕ್ಕಿತು. ಹಂಡೆಗೆ ಬೆಂಕಿ ಹಾಕುತ್ತಾ ಕೂತದ್ದು ಚಿಕ್ಕಪ್ಪನೇ.

ಬೊಂಬಾಯಿ ದೊಡ್ಡಪ್ಪ: ಎಣ್ಣೆ ಹಚ್ಚು ಅಂದದ್ದು ನಾನೇ, ಹೌದು. ತಂಬಿಲದ ಲೆಕ್ಕ ಮಾತ್ರ ನಾನು ಒಪ್ಪುವುದಿಲ್ಲ. ಅವನು ಎದ್ದಿದ್ದಾನಾ? ಫೋನ್ ಕೊಡು.