ಅಪ್‌ಡೇಟ್: ಗೋವಾದಿಂದ ಕೊಚ್ಚಿಗೆ ಒಂಟಿ ಯಾನ, ದೋಣಿಯ ಸಿದ್ಧತೆ ಎಲ್ಲಿಗೆ ಬಂತು
ನನ್ನ 26 ಅಡಿಯ ಹಳೆಯ ಹಾಯಿದೋಣಿಯನ್ನು ಗೋವಾದಿಂದ ಕೊಚ್ಚಿಯವರೆಗೆ ಒಬ್ಬನೇ ನಡೆಸುವುದಕ್ಕೆ ಮೊದಲು ಯಾವುದನ್ನು ಸರಿಪಡಿಸಬೇಕೆಂದು ಮಳೆಗಾಲದಲ್ಲಿ ಕೇಳಿದ್ದೆ. ಹೊಸ ಹಾಯಿಗೆ ಹಣ ಹಾಕುವ ಮುನ್ನ ಕೂವೆಮರವನ್ನು (ಹಾಯಿ ಕಟ್ಟುವ ಕಂಬ) ಹಿಡಿದಿರುವ ಉಕ್ಕಿನ ತಂತಿಗಳನ್ನು ನೋಡಿರೆಂದು ಹಲವರು ಹೇಳಿದ್ದಿರಿ. ಆ ಸಲಹೆಗೆ ನಾನು ಋಣಿ. ಎಡಬದಿಯ ತಂತಿಯೊಂದರಲ್ಲಿ, ಉಪ್ಪುನೀರು ಇಳಿದು ನಿಲ್ಲುವ ಕೆಳತುದಿಯ ಹಿಡಿಕೆಯ ಬಳಿ, 19 ಎಳೆಗಳ ಪೈಕಿ ಎರಡು ತುಂಡಾಗಿದ್ದವು. ಮೇಲೆ ನೋಡಿದರೆ ತಂತಿ ಹೊಸದರಂತೆ ಹೊಳೆಯುತ್ತಿತ್ತು. ಒಂದನ್ನೇ ಬದಲಿಸುವುದು ಜಿಪುಣತನವೆನಿಸಿ ಎಲ್ಲವನ್ನೂ ಬದಲಿಸಿದೆ.

ತಳದ ನೀರಿನ ಕವಾಟಗಳು, ಲಂಗರಿನ ಸರಪಳಿ ಸರಿಯಾಗಿವೆ. 406 ಮೆಗಾಹರ್ಟ್ಸ್‌ನ ಅಪಾಯ ಸೂಚಕವನ್ನು (ಉಪಗ್ರಹದ ಮೂಲಕ ನೆರವಿನ ಕರೆ ಕಳಿಸುವ ಸಾಧನ) ಬೆಂಗಳೂರಿನಲ್ಲಿರುವ ಇಸ್ರೋದ ಕೇಂದ್ರದಲ್ಲಿ ನೋಂದಾಯಿಸಿದ್ದೇನೆ. ಅನುಮತಿಯಿಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧವಾದ್ದರಿಂದ ಆ ಯೋಚನೆಯನ್ನು ಬಿಟ್ಟಿದ್ದೇನೆ. ವಿಎಚ್‌ಎಫ್‌ನ 16ನೇ ಚಾನೆಲ್ (ದೋಣಿಯ ರೇಡಿಯೊದಲ್ಲಿ ಅಪಾಯದ ಕರೆಗಿರುವ ಚಾನೆಲ್) ಮತ್ತು ಕರಾವಳಿ ಕಾವಲು ಪಡೆಯ 1554 ಸಹಾಯವಾಣಿ ಸಂಖ್ಯೆ ಸಾಕು.

ರಾತ್ರಿಯ ಯೋಜನೆಯನ್ನು ಮಾತ್ರ ಪೂರ್ತಿ ಬದಲಿಸಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎಚ್ಚರಗೊಂಡು ಸಾಗುವ ಕ್ರಮ ತೆರೆದ ಸಾಗರಕ್ಕೆ ಹೊಂದೀತು, ಆದರೆ ಮೀನುಗಾರರ ಬಲೆಗಳು ದಟ್ಟವಾಗಿರುವ ನಮ್ಮ ದಡದಲ್ಲಿ ಅದು ಅವರಿಗೂ ನನಗೂ ಅಪಾಯ. ಹೀಗಾಗಿ ಜನವರಿಯಲ್ಲಿ, ದಡದಿಂದ ಕಡಲಿಗೆ ಬೀಸುವ ಬೆಳಗಿನ ನೆಲಗಾಳಿಯಲ್ಲಿ ಹೊರಟು, ಮಧ್ಯಾಹ್ನದ ವಾಯವ್ಯ ಗಾಳಿಯನ್ನು ಬೆನ್ನಿಗಿಟ್ಟುಕೊಂಡು, ಕತ್ತಲಾಗುವ ಮೊದಲೇ ಲಂಗರು ಹಾಕುತ್ತೇನೆ. ಮರಳುದಿಬ್ಬದ ಅಳಿವೆಯಿರುವ ಹೊನ್ನಾವರವನ್ನು ಬಿಟ್ಟು ತಂಗಲು ಕಾರವಾರ, ಮಲ್ಪೆ, ಮಂಗಳೂರು ಮೊದಲಾದವನ್ನು ಆರಿಸಿದ್ದೇನೆ.