ಮೂರೆಲೆ ಆಡಿದವರಿಗೆ ಪೋಕರ್: ಫ್ಲಶ್ ದೊಡ್ಡದೋ, ಸ್ಟ್ರೇಟ್ ದೊಡ್ಡದೋ?

ಶಿರಸಿ ಮಳೆಗಾಲ:
ಶಿರಸಿಯಿಂದ ಸ್ವಲ್ಪ ಒಳಗೆ, ತೋಟದ ಮನೆ ನಮ್ಮದು. ಮಳೆ ಹಿಡಿದ ಮೇಲೆ ಶನಿವಾರ ರಾತ್ರಿ ಐದು ಜನ ಗೆಳೆಯರು ಜಗಲಿಯಲ್ಲಿ ಕೂತು ಪೋಕರ್ ಆಡುತ್ತೇವೆ, ಟೆಕ್ಸಾಸ್ ಹೋಲ್ಡೆಮ್. ಒಬ್ಬೊಬ್ಬರ ಕೈಯಲ್ಲಿ ಎರಡೆಲೆ, ಎಲ್ಲರಿಗೂ ಸೇರಿ ಬಿಚ್ಚಿಟ್ಟ ಐದೆಲೆ; ಈ ಏಳರಲ್ಲಿ ಒಳ್ಳೆಯ ಐದೆಲೆಯೇ ಲೆಕ್ಕ. ದುಡ್ಡು ಇಡುವುದಿಲ್ಲ. ಅಡಿಕೆಯೇ ಚಿಪ್ಸು. ಚಾಲಿ ಒಂದಕ್ಕೆ 1, ಕೆಂಪಡಿಕೆ ಒಂದಕ್ಕೆ 5. ಆಟ ಮುಗಿದ ಮೇಲೆ ಎಲ್ಲ ಚೀಲಕ್ಕೆ ವಾಪಸ್.

ಕಳೆದ ವಾರ ಬೇಜಾರಿನ ಸಂಗತಿ ನಡೆಯಿತು. ಚಾಪೆಯ ಮೇಲೆ ಬಿಚ್ಚಿದ ಐದೆಲೆ: ಆಟಿನ್ 8, ಆಟಿನ್ 10, ಆಟಿನ್ 3, ಕಳಾವರ್ 9, ಡೈಮನ್ 2. ನನ್ನ ಕೈಯಲ್ಲಿ ಆಟಿನ್ ರಾಜ, ಆಟಿನ್ 5. ಐದೂ ಆಟಿನ್, ಅಂದರೆ ಫ್ಲಶ್ ಆಯಿತು. ಗೆಳೆಯನ ಹತ್ತಿರ ಇಸ್ಪೀಟ್ ಗುಲಾಮ, ಇಸ್ಪೀಟ್ 7. ಏಳರಿಂದ ಗುಲಾಮನವರೆಗೆ ಸಾಲು, ಪೋಕರ್ ಮಾತಲ್ಲಿ ಸ್ಟ್ರೇಟ್. "ಸೀಕ್ವೆನ್ಸ್!" ಎಂದವನೇ ಎರಡೂ ಕೈಯಿಂದ ಅಡಿಕೆ ಬಾಚಿಕೊಂಡ. ನಾನು ತಡೆದೆ. ಮೂರೆಲೆ (ತೀನ್ ಪತ್ತಿ) ಆಡಿಯೇ ಬೆಳೆದವರು ನಾವು. ಅದರಲ್ಲಿ ಫ್ಲಶ್ಶಿಗೆ ಕಲರ್, ಸ್ಟ್ರೇಟ್‌ಗೆ ಸೀಕ್ವೆನ್ಸ್ ಅನ್ನುತ್ತೇವೆ. ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು, ಅವನದ್ದೇನೂ ಮೋಸವಲ್ಲ. ಆದರೂ ಮಾತಿಗೆ ಮಾತು ಬೆಳೆದು, ಕಷಾಯ ಕೂಡ ಕುಡಿಯದೆ ಮಳೆಯಲ್ಲೇ ಹೊರಟುಹೋದ. ಇಪ್ಪತ್ತು ವರ್ಷದ ಗೆಳೆತನ. ಅಡಿಕೆ ಯಾರಿಗೆ ಬೇಕು? ಅವನಿಗೆ ಸರಿಯಾಗಿ ಬಿಡಿಸಿ ಹೇಳಬೇಕು. ಪೋಕರ್‌ನಲ್ಲಿ ಯಾಕೆ ಉಲ್ಟಾ?

ಕಾಳಿ ದಂಡೆ, ಕಾರವಾರ:
ಪೋಕರ್‌ನಲ್ಲಿ ಫ್ಲಶ್ಶೇ ದೊಡ್ಡದು. ಅಪರೂಪಕ್ಕೆ ಬರುವ ಕೈಗೆ ಬೆಲೆ ಜಾಸ್ತಿ, ಅಷ್ಟೇ ಲೆಕ್ಕ. 52 ಎಲೆಯಲ್ಲಿ ಮೂರೆಲೆ ಕೈ ಒಟ್ಟು 22,100 ಬಗೆ. ಅದರಲ್ಲಿ ಬರೀ ಸೀಕ್ವೆನ್ಸ್ 720, ಬರೀ ಕಲರ್ 1,096. ಸೀಕ್ವೆನ್ಸೇ ಕಡಿಮೆ, ಅಲ್ವಾ? ಐದೆಲೆಗೆ ಬಂದರೆ ಒಟ್ಟು 25,98,960 ಬಗೆ. ಸ್ಟ್ರೇಟ್ 10,200, ಫ್ಲಶ್ ಬರೀ 5,108. ಇಲ್ಲಿ ತಿರುಗಿಬಿತ್ತು. ಟ್ರೈಲ್, ಅಂದರೆ ಮೂರು ಎಕ್ಕ, ಮೂರು ರಾಜ ಇಂಥ ಕೈ, ಅದೂ ಹಾಗೇ. ಮೂರೆಲೆಯಲ್ಲಿ ಮೂರು ಎಕ್ಕ ಬಂದರೆ ಅದರ ಮೇಲೆ ಇನ್ನೊಂದಿಲ್ಲ. ಪೋಕರ್‌ನಲ್ಲಿ ಅದು ಸ್ಟ್ರೇಟ್‌ಗಿಂತಲೂ ಕೆಳಗೆ.

ಬ್ಲೈಂಡ್ ಅನ್ನೋ ಮಾತಿಗೂ ಅರ್ಥ ಬೇರೆ. ನಮಗೆ ಅದು ಎಲೆ ನೋಡದೆ ಆಡುವುದು. ಇಲ್ಲಿ ಎಲೆ ಹಂಚುವ ಮೊದಲೇ ಇಬ್ಬರು ಇಡಬೇಕಾದ ಪಣ. ಹೊಸಬರಿಗೆ ಇದನ್ನು ಮೊದಲೇ ಹೇಳಿಬಿಡಿ.

ಕುಮಟಾ ಪೇಟೆ:
ಇನ್ನೊಂದು ಜಗಳ ಆಗುವ ಜಾಗ ಹೇಳ್ತೇನೆ. ಒಬ್ಬನ ಹತ್ತಿರ 20 ಅಡಿಕೆ ಮಾತ್ರ ಉಳಿದಿದೆ, ಅಷ್ಟನ್ನೂ ಇಟ್ಟ. ಉಳಿದಿಬ್ಬರು 50-50 ಇಟ್ಟರು. ಆಗ ಮೂವರದ್ದೂ 20ರಂತೆ 60 ಒಂದು ಕಡೆ. ಅದಕ್ಕೆ ಮೂವರೂ ಹಕ್ಕುದಾರರು. ಮಿಕ್ಕ 60 ಬೇರೆ ಗುಂಪು, ಅದು ಆ ಇಬ್ಬರ ನಡುವೆ ಮಾತ್ರ. ಎರಡು ತಟ್ಟೆ ಇಟ್ಟುಕೊಳ್ಳಿ. ಯಾವ ಕೈ ಯಾವುದಕ್ಕಿಂತ ದೊಡ್ಡದು ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಶಿರಸಿ ಮಳೆಗಾಲ:
ನಿನ್ನೆ ಸಂಜೆ ಅವನ ಮನೆಗೇ ಹೋಗಿದ್ದೆ. ಮೊದಲು ತಪ್ಪಾಯ್ತು ಅಂದೆ. ಆಟ ಶುರುವಾಗುವ ಮೊದಲೇ ಇದನ್ನೆಲ್ಲ ಹೇಳಬೇಕಾಗಿದ್ದು ನಾನೇ. ಆಮೇಲೆ ಲೆಕ್ಕ ತೋರಿಸಿದೆ. ಹಲಸಿನ ಹಪ್ಪಳ ಮುರಿಯುತ್ತಾ ಎರಡು ಸಲ ಓದಿದ. "ಹಾಗಾದ್ರೆ ಎಕ್ಕ, ಎರಡು, ಮೂರು, ನಾಲ್ಕು, ಐದು ಬಂದ್ರೆ?" ಎಂದು ಕೇಳಿದ. ನಾವು ಆಡುವ ಮೂರೆಲೆಯಲ್ಲಿ ಎಕ್ಕ-ಎರಡು-ಮೂರು ಎರಡನೇ ದೊಡ್ಡ ಸೀಕ್ವೆನ್ಸ್. ನನಗೆ ಉತ್ತರ ಗೊತ್ತಿರಲಿಲ್ಲ. ಶನಿವಾರ ಬರ್ತಾನೆ, ಅಷ್ಟರೊಳಗೆ ಹೇಳಿ.

ಕಾಳಿ ದಂಡೆ, ಕಾರವಾರ:
ಅದು ಸ್ಟ್ರೇಟ್‌ಗಳಲ್ಲೇ ಎಲ್ಲಕ್ಕಿಂತ ಚಿಕ್ಕದು. ಅಲ್ಲಿ ಎಕ್ಕ ಬರೀ ಒಂದು. ಹಾಳೆಯಲ್ಲಿ ಇದನ್ನೂ ಬರೆಯಿರಿ.